ನೀರು ಎಲ್ಲಿರಬೇಕು? ಎಲ್ಲಿರಬಾರದು?

ಕಬಿನಿ ನಮ್ಮ ಸೀಮೆಯ ಹೊಳೆ. ನಂಜನಗೂಡಿನ ಮಗ್ಗುಲಲ್ಲಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಕರೆಂಟು ಕೈಕೊಟ್ಟಾಗ ಹೊಳೆ ನೀರೆತ್ತಲು ಡೀಸೆಲ್ ಇಂಜಿನ್ ಬೇಕು. ಅದು ಕೆಟ್ಟರೆ ಪೈರು ಒಣಗುತ್ತೆ, ಸಾಲ ಏರುತ್ತೆ.

ಇಂಜಿನ್ ಓಡಿದರೆ ಕಾಯುತ್ತೆ. ಹಲವು ಇಂಜಿನ್‌ಗಳನ್ನು ತಂಪು ಮಾಡೋದು ನೀರೇ. ಪಂಪು ಎತ್ತಿದ ನೀರಿನಲ್ಲಿ ಸ್ವಲ್ಪ, ಸಣ್ಣ ಪೈಪಿನಲ್ಲಿ ಬಂದು, ಇಂಜಿನ್ ಸುತ್ತಿ, ಬೆಚ್ಚಗಾಗಿ ಹೊರಬರುತ್ತೆ. ದೋಣಿಯ ಮೋಟಾರಿಗೂ ಹೊಳೆ ನೀರೇ ತಂಪು. ಕಸ, ಪಾಚಿ ಕಟ್ಟಿ ಈ ನೀರು ನಿಂತರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ತಕ್ಷಣ ಇಂಜಿನ್ ನಿಲ್ಲಿಸೋಣ. ಆರುವ ತನಕ ತಣ್ಣೀರು ಸುರಿಯೋದು ಬೇಡ. ಕಾದ ಕಬ್ಬಿಣ ಬಿರಿಯುತ್ತೆ.

ಡೀಸೆಲ್ ಟ್ಯಾಂಕಿಗೆ ಮಾತ್ರ ನೀರು ಶತ್ರು. ನಾವು ಹಾಕದಿದ್ದರೂ ಬರುತ್ತೆ. ಹೇಗೆ? ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿ ತೇವ ಇರುತ್ತೆ. ರಾತ್ರಿ ತಣ್ಣಗಾದಾಗ, ಹುಲ್ಲಿನ ಮೇಲೆ ಇಬ್ಬನಿ ಕಟ್ಟುವ ಹಾಗೆ, ಒಳಗೋಡೆಯಲ್ಲಿ ಹನಿ ಕಟ್ಟುತ್ತೆ. ನೀರು ಡೀಸೆಲ್‌ಗಿಂತ ಭಾರ. ತಳ ಸೇರಿ ತುಕ್ಕು ಹಿಡಿಸುತ್ತೆ. ಇಂಜಿನ್ ಒಳಗೆ ಹೋದರೆ ಇಂಜಿನ್ ನಿಂತೇ ಹೋಗುತ್ತೆ.

ಸಂಜೆಯೇ ಟ್ಯಾಂಕು ತುಂಬಿಸೋಣ. ಬೆಳಿಗ್ಗೆ ತಳದ ತಿರುಪು ಸಡಿಲಿಸಿ, ಮೊದಲು ಬರುವ ನೀರನ್ನು ಡಬ್ಬಿಗೆ ಹಿಡಿಯೋಣ. ಅದನ್ನು ಹೊಳೆಗೆ ಚೆಲ್ಲೋದು ಬೇಡ.

ಉತ್ತರ ಬರೆಯೋಣ:
1. ಇಂಜಿನ್ ಸುತ್ತ ನೀರು ಯಾಕೆ ಹರಿಯಬೇಕು?
2. ಟ್ಯಾಂಕನ್ನು ಸಂಜೆಯೇ ಯಾಕೆ ತುಂಬಿಸಬೇಕು?