ಹೆಬ್ಬಟ್ಟೆಯಿಂದ ಹೆದ್ದಾರಿಗೆ: ಕೂಡ್ಲಿಗಿ–ಹರಪನಹಳ್ಳಿ ಸೀಮೆಯ ದಾರಿಗಳು

ದಾರಿಯ ಚರಿತ್ರೆಯನ್ನು ಅದನ್ನು ನಿರ್ಮಿಸಿದ ಆಡಳಿತದ ಚರಿತ್ರೆಯೆಂದೇ ಸಾಮಾನ್ಯವಾಗಿ ಗ್ರಹಿಸಲಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ಪರಿಸರವು ಈ ಗ್ರಹಿಕೆಯ ಮಿತಿಯನ್ನು ತೋರಿಸುತ್ತದೆ. ಇಲ್ಲಿ ಆಡಳಿತದ ಗಡಿಗಳು ಪದೇ ಪದೇ ಬದಲಾಗಿವೆ. ಊರುಗಳ ಪರಸ್ಪರ ಸಂಪರ್ಕ ಮಾತ್ರ ಮುಂದುವರಿದಿದೆ.

ಹಳಗನ್ನಡದಲ್ಲಿ 'ಬಟ್ಟೆ' ಎಂದರೆ ದಾರಿ, ಹಿರಿದಾದುದು ಹೆಬ್ಬಟ್ಟೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನೊಳಂಬವಾಡಿ 32000ಕ್ಕೆ ಸೇರಿದ ಕೋಗಳಿ 500 ಈ ಭಾಗದ ಪ್ರಮುಖ ನಾಡಾಗಿತ್ತು. ಅದರ ಕೇಂದ್ರವಾದ ಕೋಗಳಿ ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಗ್ರಾಮ. ಬಾಗಳಿ, ಅಂಬಳಿ, ಹಿರೇಹಡಗಲಿ, ಕುರುವತ್ತಿಗಳ ದೇಗುಲಗಳು ಚಾಲುಕ್ಯ ಶೈಲಿಯ ಶಿಲ್ಪಕ್ಕೆ ಹೆಸರಾದವು. ಆ ಯುಗದ ಶಾಸನಗಳು ಹೇಳುವ ಪೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳು ಸರಕಿನ ಸಾಗಾಟವನ್ನು ಸೂಚಿಸುತ್ತವೆ. ಸುಂಕವನ್ನು ದತ್ತಿಯಾಗಿ ಪಡೆದ ದೇಗುಲಕ್ಕೆ ದಾರಿಯೇ ಆದಾಯದ ಮೂಲವಾಗುತ್ತಿತ್ತು.

1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಪ್ರದೇಶಗಳೊಡನೆ ಈ ಸೀಮೆ ಕಂಪನಿಯ ಆಳ್ವಿಕೆಗೆ ಒಳಪಟ್ಟು ಮದ್ರಾಸ್ ಪ್ರಾಂತದ ಭಾಗವಾಯಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು. ಅದನ್ನು ಮರಳಿ ಬಳ್ಳಾರಿಗೆ ಸೇರಿಸಲು 2018ರಲ್ಲಿ ಸರ್ಕಾರ ನಿರ್ಧರಿಸಿತು. 2021ರಲ್ಲಿ ಐದೂ ಊರುಗಳು ನೂತನ ವಿಜಯನಗರ ಜಿಲ್ಲೆಯಲ್ಲಿ ಒಂದಾದವು.

ಆಧುನಿಕ ಮಾರ್ಗಗಳು ಈ ಸೀಮೆಯನ್ನು ಭಾಗಶಃ ಮಾತ್ರ ಬೆಸೆದಿವೆ. 1905ರಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೂಲಕ ಕೊಟ್ಟೂರಿಗೆ ಬಂದ ರೈಲುಮಾರ್ಗ ಹರಪನಹಳ್ಳಿಯನ್ನು ದಾಟಿ ಹರಿಹರವನ್ನು ಮುಟ್ಟಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಸೊಲ್ಲಾಪುರ–ಮಂಗಳೂರು ನಡುವಣ 13ನೆಯ ರಾಷ್ಟ್ರೀಯ ಹೆದ್ದಾರಿಯ ಹೊಸಪೇಟೆ–ಚಿತ್ರದುರ್ಗ ಭಾಗವು 2010ರ ಮರುಸಂಖ್ಯೆಯಲ್ಲಿ 50ನೆಯ ಹೆದ್ದಾರಿಗೆ ಸೇರಿತು. ಉತ್ತರ–ದಕ್ಷಿಣವಾಗಿ ಸಾಗುವ ಈ ಭಾಗವು ಐದು ಪಟ್ಟಣಗಳಲ್ಲಿ ಕೂಡ್ಲಿಗಿಯನ್ನಷ್ಟೇ ಸ್ಪರ್ಶಿಸುತ್ತದೆ.

ಜನಸಂಚಾರದ ದಿಕ್ಕುಗಳು ಬೇರೆ. ಭಾರತ ಹುಣ್ಣಿಮೆಯ ಸಂದರ್ಭದ ಮೈಲಾರದ ಕಾರಣಿಕ, ಅನಂತರ ಮಾಘ ಬಹುಳದಲ್ಲಿ ಕೊಟ್ಟೂರೇಶ್ವರನ ತೇರು ಇವೆರಡೂ ಗೊರವರನ್ನೂ ಪಾದಯಾತ್ರಿಗಳನ್ನೂ ಬಂಡಿಗಳನ್ನೂ ಹೆದ್ದಾರಿಯಾಚೆಯ ದಾರಿಗಳಿಗೆ ತರುತ್ತವೆ. ಈ ದಾರಿಗಳಲ್ಲಿ ಹಾಡು, ಐತಿಹ್ಯ, ನುಡಿಗಟ್ಟುಗಳೂ ಊರಿಂದೂರಿಗೆ ಸಾಗುತ್ತವೆ.

ಜಿಲ್ಲೆಯನ್ನೇ ಘಟಕವಾಗಿಟ್ಟುಕೊಂಡ ಸಂಗ್ರಹಕಾರ್ಯದಲ್ಲಿ, ಗಡಿ ಸರಿದಾಗಲೆಲ್ಲ ಒಂದೇ ಪರಂಪರೆಯ ಹಾಡು ಎರಡು ಸಂಪುಟಗಳಿಗೆ ಹಂಚಿಹೋಗುವ ಅಪಾಯವಿದೆ. ಆದ್ದರಿಂದ ಈ ಸೀಮೆಯ ಶಾಸನ, ಸ್ಥಳನಾಮ ಹಾಗೂ ಜನಪದ ಅಧ್ಯಯನಗಳಲ್ಲಿ ದಾರಿಯನ್ನೇ ಘಟಕವಾಗಿ ಸ್ವೀಕರಿಸುವುದು ಹೆಚ್ಚು ಸಮಂಜಸ. ಮೈಲಾರ ಮತ್ತು ಕೊಟ್ಟೂರಿನ ಯಾತ್ರಾಮಾರ್ಗಗಳಿಂದ ಅಂತಹ ಕ್ಷೇತ್ರಕಾರ್ಯವನ್ನು ಆರಂಭಿಸಬಹುದು.