ಸಿಪ್ಯಾಪ್ ಅಟ್ಟ ಸೇರದಿರಲಿ: ಕೊಡಗಿನ ಮನೆಗಳಿಗೆ ಹನ್ನೊಂದು ಸೂತ್ರ

ಸಿಪ್ಯಾಪ್ ಕೊಂಡವರೆಲ್ಲ ಅದನ್ನು ಹಾಕಿಕೊಂಡು ಮಲಗುವುದಿಲ್ಲ. ಮಾಸ್ಕ್ ಹೊಂದಲಿಲ್ಲ, ಮೂಗು ಒಣಗಿತು, ಪೈಪಿನಲ್ಲಿ ನೀರು ತುಂಬಿತು, ನಡುರಾತ್ರಿ ಕರೆಂಟು ಹೋಯಿತು. ಎರಡು ವಾರ ಹೀಗೆ ಪಾಡುಪಟ್ಟು ಯಂತ್ರವನ್ನು ಅಟ್ಟಕ್ಕೇರಿಸಿದವರು ಬೇಕಾದಷ್ಟಿದ್ದಾರೆ. ಇವರಲ್ಲಿ ಹಲವರಿಗೆ ಚಿಕಿತ್ಸೆ ಒಗ್ಗುತ್ತಿತ್ತು. ಮನೆ ಮಾತ್ರ ಅದಕ್ಕೆ ಸಿದ್ಧವಿರಲಿಲ್ಲ. ಕಂಪನಿಯ ಕೈಪಿಡಿ ಬರೆದವರು ಕಕ್ಕಡ ತಿಂಗಳ ಭಾಗಮಂಡಲವನ್ನು ಕಂಡವರಲ್ಲವಲ್ಲ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಳ್ಳುವುದೇ ಸ್ಲೀಪ್ ಆಪ್ನಿಯ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಅರೆಗಳಿಗೆ ಎಚ್ಚರಗೊಳ್ಳುತ್ತದೆ, ದೊಡ್ಡದೊಂದು ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಮಲಗಿದವರಿಗೆ ಬೆಳಿಗ್ಗೆ ಇದಾವುದೂ ನೆನಪಿರುವುದಿಲ್ಲ. ಸಿಪ್ಯಾಪ್ ಕೋಣೆಯ ಗಾಳಿಯನ್ನೇ ಹದವಾದ ಒತ್ತಡದಲ್ಲಿ ಊದಿ ಆ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಆಕ್ಸಿಜನ್ ಯಂತ್ರ ಬೇರೆ, ಇದು ಬೇರೆ. 1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ವ್ಯಾಕ್ಯೂಮ್ ಕ್ಲೀನರಿನ ಮೋಟರನ್ನು ಹೀರುವ ಬದಲು ಊದುವಂತೆ ಮಾಡಿ ಇದನ್ನು ಮೊದಲು ಪ್ರಯೋಗಿಸಿದರು. ಅದಕ್ಕೂ ಮುಂಚೆ ತೀವ್ರ ರೋಗಿಗಳಿಗಿದ್ದ ಮುಖ್ಯ ದಾರಿಯೆಂದರೆ ಕತ್ತಿನಲ್ಲಿ ತೂತು ಮಾಡಿ ಉಸಿರಾಡಿಸುವುದು. ಅದನ್ನು ನೆನೆದರೆ ಮಾಸ್ಕ್ ಅಷ್ಟೇನೂ ದೊಡ್ಡ ಕಷ್ಟವಲ್ಲ.

1. ಮೊದಲು ಪರೀಕ್ಷೆ, ಆಮೇಲೆ ಅಂಗಡಿ

ಜೋರು ಗೊರಕೆಯನ್ನು 'ಒಳ್ಳೇ ನಿದ್ದೆ' ಎನ್ನುವ ಮನೆಗಳು ಇನ್ನೂ ಇವೆ. ಗೊರಕೆಯ ನಡುವೆ ಸದ್ದೇ ನಿಂತು, ಆಮೇಲೆ ಉಸಿರು ಎಳೆದುಕೊಂಡು ಏಳುತ್ತಿದ್ದರೆ ಅದನ್ನು ಪಕ್ಕದಲ್ಲಿ ಮಲಗಿದವರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಲಿ. ವೈದ್ಯರಿಗೆ ಆ ಎರಡು ನಿಮಿಷದ ವಿಡಿಯೊ ಅರ್ಧ ಗಂಟೆಯ ವಿವರಣೆಗಿಂತ ಹೆಚ್ಚು ಹೇಳುತ್ತದೆ. ಗೊರಕೆ ಜೋರಾಗಿಲ್ಲದ ಹೆಂಗಸರಲ್ಲೂ, ಅದರಲ್ಲೂ ಮುಟ್ಟು ನಿಂತ ಮೇಲೆ, ಈ ತೊಂದರೆ ಇರುತ್ತದೆ. ಬೆಳಗಿನ ತಲೆನೋವು, ಇಡೀ ದಿನದ ಸುಸ್ತು ಎಂದು ಅದು ಕಾಣಿಸಿಕೊಳ್ಳುತ್ತದೆ. ಮಾತ್ರೆಗೂ ಬಗ್ಗದ ಬಿಪಿ ಇದ್ದವರೂ ಒಮ್ಮೆ ಕೇಳಬೇಕು.

ಶುರು ಮಾಡಲು ದೂರ ಹೋಗಬೇಕಿಲ್ಲ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು 2016ರಿಂದ ಇದೆ. ಅಲ್ಲಿನ ಕಿವಿ-ಮೂಗು-ಗಂಟಲು ಅಥವಾ ಶ್ವಾಸಕೋಶದ ವೈದ್ಯರನ್ನು ಕಂಡು ಸಲಹೆ ಪಡೆಯಿರಿ. ರಾತ್ರಿಯಿಡೀ ತಂತಿ ಹಚ್ಚಿ ಮಾಡುವ ಪೂರ್ಣ ಸ್ಲೀಪ್ ಸ್ಟಡಿಗೆ ಮೈಸೂರು ಅಥವಾ ಮಂಗಳೂರಿನ ದೊಡ್ಡ ಆಸ್ಪತ್ರೆ ಬೇಕಾಗಬಹುದು. ನರಸಂಬಂಧಿ ತೊಡಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಸರಳ ಪ್ರಕರಣಗಳಿಗೆ ಮನೆಯಲ್ಲೇ ಕಟ್ಟಿಕೊಂಡು ಮಲಗುವ ಚಿಕ್ಕ ಉಪಕರಣ ಸಾಕಾಗುತ್ತದೆ. ವರದಿಯಲ್ಲಿ ನೋಡಬೇಕಾದ ಸಂಖ್ಯೆ ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬುದು. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

2. ಕೊಳ್ಳುವ ಮುಂಚೆ ಒಂದು ತಿಂಗಳು ಬಾಡಿಗೆಗೆ ತನ್ನಿ

ಹತ್ತಾರು ಸಾವಿರದ ಯಂತ್ರ. ನಗರಗಳ ವೈದ್ಯಕೀಯ ಉಪಕರಣದ ಅಂಗಡಿಗಳಲ್ಲಿ ಬಾಡಿಗೆಗೂ ಸಿಗುತ್ತದೆ. ಸಾಮಾನ್ಯ ಯಂತ್ರಗಳು 4ರಿಂದ 20 ಸೆಂಟಿಮೀಟರ್ ನೀರಿನಷ್ಟು ಒತ್ತಡ ಕೊಡುತ್ತವೆ. ನಿಮಗೆಷ್ಟು ಬೇಕೆಂಬುದು ವೈದ್ಯರ ಚೀಟಿಯಲ್ಲಿರಬೇಕು. ಭಾವನ ಯಂತ್ರ ಭಾವನ ಗಂಟಲಿಗೆ.

ಹಾಗೆಯೇ ಬೆಂಗಳೂರಿನಿಂದಲೋ ದುಬೈನಿಂದಲೋ ನೆಂಟರು ಕಳಿಸುವ ಹಳೆಯ ಯಂತ್ರದ ಬಗ್ಗೆ ಎಚ್ಚರ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಡ್ರೀಮ್‌ಸ್ಟೇಷನ್ ಮುಂತಾದ ಲಕ್ಷಗಟ್ಟಲೆ ಯಂತ್ರಗಳನ್ನು ವಾಪಸು ಕರೆಯಿತು; ಒಳಗಿನ ಸದ್ದು ತಗ್ಗಿಸುವ ಫೋಮ್ ಪುಡಿಯಾಗಿ ಗಾಳಿಯ ಜೊತೆ ಒಳಹೋಗುವ ಅಪಾಯವಿತ್ತು. ಬಿಸಿಯೂ ತೇವವೂ ಆ ಫೋಮನ್ನು ಬೇಗ ಕೆಡಿಸುತ್ತವೆ. ತೇವಕ್ಕೆ ನಮ್ಮಲ್ಲಿ ಬರವಿಲ್ಲ. ತೀರಾ ಹಳೆಯ ಮಾದರಿಗಳಿಗೆ ಇನ್ನೊಂದು ಕೊರತೆ: ಎತ್ತರಕ್ಕೆ ತಕ್ಕಂತೆ ಅವು ಒತ್ತಡವನ್ನು ತಾವಾಗಿ ಸರಿಪಡಿಸಿಕೊಳ್ಳುವುದಿಲ್ಲ. ಮಂಗಳೂರಿನ ಕಡಲಮಟ್ಟದಲ್ಲಿ ಹೊಂದಿಸಿದ ಯಂತ್ರ ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ಬೇರೆ ರೀತಿ ನಡೆದುಕೊಳ್ಳಬಹುದು. ಈಗಿನವಕ್ಕೆ ಆ ಚಿಂತೆ ಇಲ್ಲ.

3. ಮೀಸೆಗೆ ತಕ್ಕ ಮಾಸ್ಕ್

ಸಿಪ್ಯಾಪಿನ ಯಶಸ್ಸಿನಲ್ಲಿ ಹೆಚ್ಚಿನ ಪಾಲು ಮಾಸ್ಕಿನದು. ಮೂಗಿನ ಹೊಳ್ಳೆಗೆ ಮಾತ್ರ ಒರಗುವುದು ಒಂದು ಬಗೆ, ಮೂಗನ್ನು ಮುಚ್ಚುವುದು ಇನ್ನೊಂದು, ಮೂಗು-ಬಾಯಿ ಎರಡನ್ನೂ ಮುಚ್ಚುವುದು ಮತ್ತೊಂದು. ಪಟಾಲಂನಲ್ಲಿ ಬೆಳೆಸಿದ ಪೊದೆಮೀಸೆಯನ್ನು ನಿವೃತ್ತರಾದ ಮೇಲೂ ಬಿಡದವರು ಕೊಡಗಿನಲ್ಲಿ ಕಡಿಮೆ ಇಲ್ಲ. ಅಂಥವರಿಗೆ ದೊಡ್ಡ ಮಾಸ್ಕಿನ ಅಂಚಿನಲ್ಲಿ ಗಾಳಿ ಸೋರುತ್ತದೆ, ಹೊಳ್ಳೆಯ ಬಗೆ ಒಳ್ಳೆಯದು. ಮೀಸೆ ಬೋಳಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಬಾಯಿ ತೆರೆದು ಮಲಗುವವರು ಮಾತ್ರ ವೈದ್ಯರನ್ನು ಕೇಳಿ ಪೂರ್ಣ ಮಾಸ್ಕನ್ನೇ ಆರಿಸಬೇಕಾಗಬಹುದು.

ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ಅಳತೆ ನೋಡಿದರೆ ಸಾಲದು. ಮಲಗಿ, ಗಾಳಿ ಹಾಯಿಸಿ, ಎರಡೂ ಮಗ್ಗುಲು ತಿರುಗಿ ನೋಡಿ. ಸೋರಿದಾಗ ಪಟ್ಟಿ ಬಿಗಿದಷ್ಟೂ ಸೋರಿಕೆ ಹೆಚ್ಚುವುದುಂಟು, ಮೂಗಿನ ಮೇಲೆ ಹುಣ್ಣಂತೂ ಖಚಿತ. ಮಾಸ್ಕನ್ನು ಮುಖದಿಂದ ಸ್ವಲ್ಪ ಎತ್ತಿ ಮತ್ತೆ ಕೂರಿಸಿ. ಮಲಗುವ ಮುಂಚೆ ಮುಖಕ್ಕೆ ಎಣ್ಣೆ, ಕ್ರೀಮು ಬೇಡ. ಮಾಸ್ಕಿನ ಮುಂಭಾಗದ ಸಣ್ಣ ತೂತುಗಳಿಂದ ಗಾಳಿ ಬರುತ್ತಲೇ ಇರುತ್ತದೆ. ನೀವು ಬಿಟ್ಟ ಉಸಿರು ಹೊರಹೋಗುವ ದಾರಿ ಅದು. ಅದಕ್ಕೆ ಪ್ಲಾಸ್ಟರ್ ಅಂಟಿಸಿದರೆ ಅಪಾಯ.

4. ಹಗಲು ಪಳಗಿಸಿ, ರಾತ್ರಿ ಬಳಸಿ

ಮೊದಲ ಮೂರು-ನಾಲ್ಕು ದಿನ ಸಂಜೆ ಟಿವಿ ನೋಡುತ್ತಾ ಇಪ್ಪತ್ತು ನಿಮಿಷ ಹಾಕಿಕೊಳ್ಳಿ. ಮೊದಲು ಬರೀ ಮಾಸ್ಕ್, ಆಮೇಲೆ ಗಾಳಿ. ಉಸಿರು ಕಟ್ಟಿದಂತೆ ಅನಿಸಿದರೆ ತೆಗೆದು, ಸುಧಾರಿಸಿಕೊಂಡು ಮತ್ತೆ ಹಾಕಿ. ಯಂತ್ರದಲ್ಲಿ ರ‍್ಯಾಂಪ್ ಎಂಬ ಸೌಲಭ್ಯವಿದೆ: ಕಡಿಮೆ ಒತ್ತಡದಲ್ಲಿ ಶುರುವಾಗಿ ನಿಮಗೆ ನಿದ್ದೆ ಹತ್ತುವಷ್ಟರಲ್ಲಿ ನಿಧಾನಕ್ಕೆ ಏರುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಒರಗುವ ಅಭ್ಯಾಸವಿದ್ದರೆ ಆಗಲೂ ಮಾಸ್ಕ್ ಇರಲಿ.

ರಾತ್ರಿಗೆ ಕನಿಷ್ಠ ನಾಲ್ಕು ಗಂಟೆ, ಹತ್ತರಲ್ಲಿ ಏಳು ರಾತ್ರಿಯಾದರೂ: ವೈದ್ಯರು ಸಾಮಾನ್ಯವಾಗಿ ಲೆಕ್ಕ ಹಾಕುವ ಕೆಳಮಟ್ಟ ಇದು. ಅಲ್ಲಿಗೇ ನಿಲ್ಲಬೇಡಿ. ಬೆಳಗಿನ ಜಾವದ ಕನಸಿನ ನಿದ್ದೆಯಲ್ಲೇ ಎಷ್ಟೋ ಮಂದಿಗೆ ಉಸಿರು ಹೆಚ್ಚು ಕಟ್ಟುವುದು, ಮಾಸ್ಕ್ ಕಿತ್ತಿಡುವುದೂ ಅದೇ ಹೊತ್ತಿಗೆ. ನಾಲ್ಕಕ್ಕೆ ಬಾತ್‌ರೂಮಿಗೆ ಎದ್ದವರು ಮರಳಿ ಹಾಕಿಕೊಂಡೇ ಮಲಗಬೇಕು.

5. ಮೂಗು ತೆರೆದಿರಲಿ

ಮೂಗು ಕಟ್ಟಿದ್ದರೆ ಎಂಥ ಯಂತ್ರವೂ ಸೋಲುತ್ತದೆ. ಮಲಗುವ ಮುಂಚೆ ಉಪ್ಪುನೀರಿನಿಂದ ಮೂಗು ತೊಳೆಯಿರಿ. ನೀರು ಕುದಿಸಿ ಆರಿಸಿದ್ದೇ ಆಗಬೇಕು, ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ. ಅಲರ್ಜಿ ಇದ್ದವರು ಕಿವಿ-ಮೂಗು ವೈದ್ಯರಿಂದ ಸ್ಪ್ರೇ ಬರೆಸಿಕೊಳ್ಳಿ. ಬೆಳಿಗ್ಗೆ ಹೊಟ್ಟೆ ಉಬ್ಬರಿಸಿದ್ದರೆ ಗಾಳಿ ನುಂಗುತ್ತಿದ್ದೀರಿ. ಒತ್ತಡ ತಿದ್ದಬೇಕೇ ಎಂದು ಕೇಳಿ, ನೀವೇ ತಿದ್ದಬೇಡಿ.

6. ಚಳಿಗಾಲದಲ್ಲಿ ಪೈಪಿಗೂ ಕಂಬಳಿ

ಡಿಸೆಂಬರ್, ಜನವರಿಯಲ್ಲಿ ಹ್ಯುಮಿಡಿಫೈಯರಿನಿಂದ ಬರುವ ಬೆಚ್ಚಗಿನ ತೇವದ ಗಾಳಿ ತಣ್ಣಗಿನ ಪೈಪಿನಲ್ಲಿ ಹನಿಗಟ್ಟುತ್ತದೆ. ನಡುರಾತ್ರಿ ಗುಳುಗುಳು ಸದ್ದು, ಆಮೇಲೆ ಮೂಗಿಗೆ ತಣ್ಣೀರು. ಎಷ್ಟೋ ಮಂದಿ ಯಂತ್ರ ಕೆಟ್ಟಿತೆಂದು ತಿಳಿಯುವುದು ಇಲ್ಲೇ. ಯಂತ್ರವನ್ನು ಮಂಚಕ್ಕಿಂತ ಕೆಳಗಿನ ಮಟ್ಟದಲ್ಲಿಡಿ, ಹನಿಗಳು ಹಿಂದಕ್ಕೆ ಇಳಿಯುತ್ತವೆ. ಪೈಪನ್ನು ಹೊದಿಕೆಯೊಳಗೆ ತಂದುಕೊಳ್ಳಿ, ಅಥವಾ ಹಳೆಯ ಉಣ್ಣೆ ಬಟ್ಟೆಯಲ್ಲಿ ತೋಳಿನಂತೆ ಹೊಲಿಸಿ ತೊಡಿಸಿ. ತೇವದ ಮಟ್ಟವನ್ನು ಒಂದು ಅಂಕ ಇಳಿಸಿ. ಕೈಯಲ್ಲಿ ದುಡ್ಡಿದ್ದರೆ ಬಿಸಿಯಾಗುವ ಪೈಪು ಬರುತ್ತದೆ, ಅದು ಎಲ್ಲಕ್ಕೂ ಮೇಲು.

7. ಮಳೆಗಾಲದ ವೈರಿ ಬೂಷ್ಟು

ಕೋವಿಯ ಬೆಲ್ಟಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಮಾಸ್ಕನ್ನು ಬಿಟ್ಟೀತೇ? ಹ್ಯುಮಿಡಿಫೈಯರಿನ ತೊಟ್ಟಿಯ ನೀರನ್ನು ಪ್ರತಿದಿನ ಬೆಳಿಗ್ಗೆ ಚೆಲ್ಲಿ, ಒರೆಸಿ, ತೆರೆದಿಡಿ. ತುಂಬಿಸಲು ಔಷಧಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಉಸಿರಾಟಕ್ಕೆ ತಕ್ಕದ್ದಲ್ಲ. ಮಾಸ್ಕಿನ ಮೆತ್ತೆಯನ್ನು ದಿನವೂ, ಪೈಪು ಮತ್ತು ತೊಟ್ಟಿಯನ್ನು ವಾರಕ್ಕೊಮ್ಮೆ, ಉಗುರುಬೆಚ್ಚಗಿನ ನೀರು ಮತ್ತು ಮೃದು ಸೋಪಿನಿಂದ ತೊಳೆಯಿರಿ.

ತೊಳೆಯುವುದು ಸುಲಭ, ಒಣಗಿಸುವುದೇ ಪಾಡು. ಬಟ್ಟೆಯ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿ ಹರವಬೇಡಿ: ಹೊಗೆ ಸಿಲಿಕೋನಿಗೆ ಹತ್ತಿ ರಾತ್ರಿಯಿಡೀ ಅದನ್ನೇ ಉಸಿರಾಡಬೇಕಾಗುತ್ತದೆ. ಪೈಪಿನ ನಡುಭಾಗವನ್ನು ಮೊಳೆಗೆ ತೂಗಿ ಎರಡೂ ತುದಿ ಕೆಳಗೆ ಬಿಡಿ, ಫ್ಯಾನ್ ಹಾಕಿ. ಒಣಗದೆ ಉಳಿಯುವ ದಿನಗಳಿಗಾಗಿ ಇನ್ನೊಂದು ಪೈಪು, ಇನ್ನೊಂದು ಮೆತ್ತೆ ಇಟ್ಟುಕೊಂಡರೆ ಜೂನ್‌ನಿಂದ ಸೆಪ್ಟೆಂಬರ್ ನಿಶ್ಚಿಂತೆ. ಗಾಳಿ ಎಳೆಯುವ ಜಾಗದ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನೋಡಿ. ಬಚ್ಚಲೊಲೆಯ ಹೊಗೆ, ಕಾಫಿ ಒಣಗಿಸುವ ಕಾಲದ ಧೂಳು ಅದನ್ನು ಕೈಪಿಡಿಯ ಗಡುವಿಗಿಂತ ಬೇಗ ಕಪ್ಪಾಗಿಸುತ್ತವೆ. ಬಳಸದಾಗ ಪೈಪಿನ ಬಾಯಿಗೆ ಶುಭ್ರ ಬಟ್ಟೆ ಕಟ್ಟಿ, ಇರುವೆಗೂ ಬೆಚ್ಚಗಿನ ಜಾಗವೆಂದರೆ ಪ್ರೀತಿ.

8. ಕರೆಂಟು ಹೋಗೇ ಹೋಗುತ್ತದೆ

ಮರ ಬಿದ್ದು ಲೈನ್ ಕಡಿದರೆ ಸೆಸ್ಕ್‌ನ ಲೈನ್‌ಮನ್ ತೋಟದ ಕೊನೆಯ ಮನೆ ತಲುಪುವ ಹೊತ್ತಿಗೆ ಎರಡು ದಿನವೂ ಆಗಬಹುದು. ಲೆಕ್ಕ ಹೀಗಿದೆ: ಹ್ಯುಮಿಡಿಫೈಯರ್ ಮತ್ತು ಬಿಸಿ ಪೈಪು ಆರಿಸಿದರೆ ಯಂತ್ರ ಸುಮಾರು 30 ವ್ಯಾಟ್ ಎಳೆಯುತ್ತದೆ, ಎಂಟು ಗಂಟೆಗೆ ಕಾಲು ಯೂನಿಟ್. ಅವೆರಡನ್ನೂ ಹಾಕಿದರೆ ಬಳಕೆ ಎರಡು-ಮೂರು ಪಟ್ಟು ಏರುತ್ತದೆ. ಮನೆಯ ಇನ್ವರ್ಟರಿಗೆ 150 ಆಂಪಿಯರ್-ಅವರ್‌ನ ಗಟ್ಟಿಮುಟ್ಟಾದ ಬ್ಯಾಟರಿ ಇದ್ದು, ಟಿವಿ ಮತ್ತು ದೀಪಗಳನ್ನು ಆರಿಸಿದರೆ ಎರಡು ರಾತ್ರಿ ದೂಡಬಹುದು. ಇನ್ವರ್ಟರ್ 'ಪ್ಯೂರ್ ಸೈನ್‌ವೇವ್' ಆಗಿರಲಿ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಗುಡುಗು ಜೋರಾದರೆ ಪ್ಲಗ್ ಕಿತ್ತಿಡಿ.

ನಿದ್ದೆಯಲ್ಲೇ ಕರೆಂಟು ಹೋದರೆ ಉಸಿರು ಕಟ್ಟುತ್ತದೆಯೇ ಎಂಬ ಭಯ ಹಲವರಿಗಿದೆ. ಪೂರ್ಣ ಮಾಸ್ಕಿನಲ್ಲಿ ಗಾಳಿ ನಿಂತೊಡನೆ ತೆರೆದುಕೊಳ್ಳುವ ಕವಾಟವಿದೆ. ಮೂಗಿನ ಮಾಸ್ಕ್ ಹಾಕಿದವರು ಬಾಯಿಯಿಂದ ಉಸಿರಾಡುತ್ತಾರೆ. ಯಂತ್ರವಿಲ್ಲದ ರಾತ್ರಿ ಅಂಗಾತ ಮಲಗದೆ ಮಗ್ಗುಲಾಗಿ ಮಲಗಿ.

9. ಐನ್‌ಮನೆಗೂ ಜೊತೆಯಲ್ಲೇ ಬರಲಿ

ಪುತ್ತರಿಗೆ, ಕೈಲ್‌ಪೊಳ್ದಿಗೆ ಊರಿಗೆ ಹೋಗುವಾಗ ಯಂತ್ರವನ್ನು ಮನೆಯಲ್ಲೇ ಬಿಟ್ಟುಹೋಗುವ ಚಾಳಿ ಸಾಮಾನ್ಯ. ಹಳೆಯ ಐನ್‌ಮನೆಗಳಲ್ಲಿ ಹಾಸಿಗೆಯ ಬಳಿ ಪ್ಲಗ್ ಇರುವುದು ಅಪರೂಪ, ಉದ್ದದ ಎಕ್ಸ್‌ಟೆನ್ಷನ್ ಬಾಕ್ಸ್ ಚೀಲದಲ್ಲಿರಲಿ. ಹಬ್ಬ-ಮದುವೆಯ ರಾತ್ರಿಯೇ ಯಂತ್ರ ಹೆಚ್ಚು ಬೇಕಾಗುವುದು: ಗುಂಡು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತದೆ. ಕುಡಿಯದಿದ್ದರೆ ಬಹಳ ಒಳ್ಳೆಯದು. ಕುಡಿದವರು 'ಇವತ್ತೊಂದು ದಿನ ಬೇಡ' ಎನ್ನುವಂತಿಲ್ಲ. ನಿದ್ದೆ ಮಾತ್ರೆಗೂ ಇದೇ ಮಾತು, ವೈದ್ಯರಿಗೆ ಹೇಳದೆ ನುಂಗಬೇಡಿ. ಸಂಜೆಯ ಕಾಫಿಯನ್ನೂ ಬಿಡಿ ಎನ್ನಬೇಕಿತ್ತು; ಕಾಫಿ ಬೆಳೆಯುವವರಿಗೆ ಆ ಮಾತನ್ನು ಮೆಲ್ಲಗೇ ಹೇಳುತ್ತೇನೆ.

10. ಘಟ್ಟದ ರಸ್ತೆಗೆ ಆತುರ ಬೇಡ

ಹಗಲಲ್ಲಿ ತೂಕಡಿಕೆ ನಿಲ್ಲುವವರೆಗೆ ಸಂಪಾಜೆ, ಮಾಕುಟ್ಟ ಘಟ್ಟಗಳಲ್ಲಿ ಸ್ಟಿಯರಿಂಗ್ ಬೇರೆಯವರಿಗೆ ಕೊಡಿ. ಟ್ಯಾಕ್ಸಿ ಓಡಿಸಿ ಬದುಕುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಹಾಗಾಗಿಯೇ ಅವರು ಪರೀಕ್ಷೆಯನ್ನು ಮುಂದೂಡಬಾರದು. ಯಾವುದೇ ಆಪರೇಷನ್ ಇದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ, ಯಂತ್ರವನ್ನು ಆಸ್ಪತ್ರೆಗೆ ಒಯ್ಯಿರಿ.

11. ಕಾರ್ಡು ಮತ್ತು ಕಾಗದ

ಯಂತ್ರ ಪ್ರತಿ ರಾತ್ರಿಯ ಗಂಟೆ, ಸೋರಿಕೆ, ಉಳಿದ ಎಎಚ್‌ಐ ಮೂರನ್ನೂ ದಾಖಲಿಸುತ್ತದೆ. ಮೊಬೈಲ್ ಆ್ಯಪಿನಲ್ಲಿ ನೋಡಬಹುದು. ನೆಟ್‌ವರ್ಕ್ ಸಿಗದ ಊರಿನವರಿಗೆ ಎಸ್‌ಡಿ ಕಾರ್ಡ್ ಇರುವ ಮಾದರಿ ಮೇಲು. ಚಿಕಿತ್ಸೆಯಲ್ಲಿ ಎಎಚ್‌ಐ 5ಕ್ಕಿಂತ ಕೆಳಗಿಳಿದರೆ ಸರಿದಾರಿ. ಇಳಿಯದಿದ್ದರೆ, ಅಥವಾ ಸಂಖ್ಯೆ ಇಳಿದೂ ಸುಸ್ತು ಉಳಿದರೆ, ತಿಂಗಳು ಕಾಯದೆ ವೈದ್ಯರಿಗೆ ತೋರಿಸಿ.

ಮಾಜಿ ಸೈನಿಕರ ಮನೆಗಳಿಗೆ ಒಂದು ಮಾತು. ಇಸಿಎಚ್‌ಎಸ್ ಯೋಜನೆಯಲ್ಲಿ ಸಿಪ್ಯಾಪಿಗೂ ಅವಕಾಶವಿದೆ. ಮೊದಲು ಕೊಂಡು ಆಮೇಲೆ ಬಿಲ್ ಹಿಡಿದು ಅಲೆಯಬೇಡಿ. ಸ್ಲೀಪ್ ಸ್ಟಡಿಯ ವರದಿ, ತಜ್ಞರ ಚೀಟಿ ಹಿಡಿದು ಪಾಲಿಕ್ಲಿನಿಕ್ಕಿನಲ್ಲಿ ವಿಚಾರಿಸಿ ಅನುಮತಿ ಪಡೆದೇ ಮುಂದುವರಿಯಿರಿ. ರೈಲಿಲ್ಲದ ಜಿಲ್ಲೆ ನಮ್ಮದು, ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ರಸ್ತೆ. ಮರುಭೇಟಿಗೆ ಹೊರಟಾಗ ಕಾರ್ಡಿನ ಜೊತೆ ಮಾಸ್ಕನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅಳತೆ ತಪ್ಪಿದ್ದರೆ ಅಲ್ಲೇ ನೋಡಿ ಬದಲಾಯಿಸಿಕೊಂಡು ಬರಬಹುದು.