ಕಲ್ಲಿಲ್ಲದ ಸೀಮೆಯಲ್ಲಿ ಸೈಕಲ್ಲು

ಧಾರವಾಡದಿಂದ ಕೋಲ್ಕತ್ತಾಕ್ಕೆ ವರ್ಗವಾಗಿ ಬಂದು ಒಂಬತ್ತು ವರ್ಷವಾಯಿತು. ಸಾಮಾನಿನ ಲಾರಿಯಲ್ಲಿ ನನ್ನ ಗ್ರಾವೆಲ್ ಸೈಕಲ್ಲೂ ಬಂದಿತ್ತು. ದಪ್ಪ ಟೈರು, ಬಾಗಿದ ಹ್ಯಾಂಡಲ್ಲು, ಡಾಂಬರಿಗೂ ಸೈ ಗರಸಿಗೂ ಸೈ ಎನ್ನುವ ಗಾಡಿ. ಹಳಿಯಾಳದ ಕಡೆಯ ಕಾಡುದಾರಿಯಲ್ಲಿ ಓಡಿ ಪಳಗಿದ್ದು. ಇಲ್ಲಿಯ ಅಂಗಡಿಯವರು ಅದನ್ನು ಮೇಲೆ ಕೆಳಗೆ ನೋಡಿ ಕೇಳಿದ್ದು ಒಂದೇ: “ದಾದಾ, ಇಂಥ ಟೈರು ಯಾಕೆ? ಇಲ್ಲಿ ಗುಡ್ಡ ಎಲ್ಲಿದೆ, ಕಲ್ಲೆಲ್ಲಿದೆ?” ಪ್ರಶ್ನೆ ಸರಿಯಾಗಿಯೇ ಇತ್ತು. ನನಗೆ ಉತ್ತರ ಹೊಳೆಯಲು ಎರಡು ಮಳೆಗಾಲ ಹಿಡಿಯಿತು.

ಹೂಗ್ಲಿ ನದಿಯ ಪಶ್ಚಿಮ ದಂಡೆಯಲ್ಲಿ, ಕಾಲ್ನಾದಿಂದ ಶ್ರೀರಾಮಪುರದವರೆಗೆ, ಕಾರು ಬಸ್ಸುಗಳ ಕಾಟವಿಲ್ಲದ ಹಳ್ಳಿದಾರಿಗಳಲ್ಲಿ ತುಳಿದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಯಾರಾದರೂ ಕನ್ನಡದವರು ಸೈಕಲ್ಲಿನ ಸಮೇತ ಈ ಕಡೆ ಬಂದರೆ ನಾಲ್ಕು ಟ್ಯೂಬಾದರೂ ಉಳಿದಾವು.

1. ಇಲ್ಲಿ ಖಡಿ ಅಂದರೆ ಇಟ್ಟಿಗೆ

ಗಂಗೆ ತಂದು ಹಾಸಿದ ಮೆಕ್ಕಲು ಮಣ್ಣಿನ ನಾಡು ಇದು. ಎಷ್ಟು ಅಗೆದರೂ ಮಣ್ಣು, ಮರಳು, ಮತ್ತೆ ಮಣ್ಣು. ರಸ್ತೆಗೆ ಕಲ್ಲು ಬೇಕೆಂದರೆ ಝಾರ್ಖಂಡಿನ ಪಾಕುಡದಿಂದಲೋ ಬೀರ್‌ಭೂಮ್ ಜಿಲ್ಲೆಯಿಂದಲೋ ಬರಬೇಕು. ಹಾಗಾಗಿ ಹಳ್ಳಿಯವರು ತಮ್ಮ ಮಣ್ಣನ್ನೇ ಸುಟ್ಟು ಕಲ್ಲು ಮಾಡಿಕೊಂಡಿದ್ದಾರೆ. ನದಿಯುದ್ದಕ್ಕೂ ಇಟ್ಟಿಗೆ ಭಟ್ಟಿಗಳ ಚಿಮಣಿಗಳು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ಮೀನಿನ ಮುಳ್ಳಿನ ಹಾಗೆ ಒಂದಕ್ಕೊಂದು ಓರೆಯಾಗಿ ಜೋಡಿಸಿದರೆ ಊರ ದಾರಿ. ಅದಕ್ಕೆ ‘ಸೋಲಿಂಗ್’ ಅನ್ನುತ್ತಾರೆ. ಇಟ್ಟಿಗೆಯನ್ನು ಸುತ್ತಿಗೆಯಿಂದ ಒಡೆದು ಚೂರು ಮಾಡಿ ಹರಡಿದರೆ ಅದು ‘ಖೋವಾ’. ಪೇಢೆಯ ಊರಿಂದ ಬಂದವನಿಗೆ ಖೋವಾ ಅಂದರೆ ಹಾಲು ಕಾಯಿಸಿದ್ದು; “ಮುಂದೆ ಖೋವಾ ಇದೆ, ನಿಧಾನ” ಎಂದು ಯಾರೋ ಎಚ್ಚರಿಸಿದಾಗ ನನ್ನ ಬಾಯಲ್ಲಿ ನೀರೂರಿತ್ತು. ಐದು ನಿಮಿಷಕ್ಕೆ ಹಿಂದಿನ ಟೈರು ಹರಿದಿತ್ತು.

ಹೊಸ ಖೋವಾದ ಅಂಚು ನಮ್ಮ ಖಡಿಗಿಂತ ಹರಿತ, ಆದರೆ ಬಾಳಿಕೆ ಕಡಿಮೆ. ಒಂದು ಮಳೆಗಾಲ ಕಳೆದರೆ ಪುಡಿಯಾಗಿ ಕೆಂಪು ಗರಸಿನಂತೆ ಕೂತುಬಿಡುತ್ತದೆ. ಗ್ರಾವೆಲ್ ಸೈಕಲ್ಲಿಗೆ ಅದಕ್ಕಿಂತ ಸೊಗಸಾದ ದಾರಿ ಬೇರೆ ಇಲ್ಲ. ಸೋಲಿಂಗ್ ಹಾಗಲ್ಲ, ಎಷ್ಟು ಹಳತಾದರೂ ಹಲ್ಲು ಕಟಕಟ. 28 ಮಿ.ಮೀ. ಟೈರಿನಲ್ಲಿ ಹೋದವರು ಸಂಜೆ ಚಮಚ ಹಿಡಿಯಲಾರರು. ನಾನು 40 ಮಿ.ಮೀ. ಹಾಕಿ, ಗಾಳಿಯನ್ನು ಹೆಬ್ಬೆರಳಿಗೆ ಸ್ವಲ್ಪ ತಗ್ಗುವಷ್ಟು ಇಳಿಸುತ್ತೇನೆ. ಮಳೆಗಾಲದಲ್ಲಿ ಬಿದಿರು ಮೆಳೆಯ ನೆರಳಿನ ಸೋಲಿಂಗ್ ಮೇಲೆ ಪಾಚಿ ಕಟ್ಟುತ್ತದೆ. ಅಲ್ಲಿ ಬ್ರೇಕು ಹಿಡಿಯಬೇಡಿ, ಹ್ಯಾಂಡಲ್ಲು ತಿರುಗಿಸಬೇಡಿ, ದೇವರನ್ನು ಬೇಕಾದರೆ ನೆನೆಯಿರಿ.

2. ನಗರವನ್ನು ತುಳಿಯಬೇಡಿ, ದಾಟಿ

ಕೋಲ್ಕತ್ತಾದ ಹಲವು ಮುಖ್ಯ ರಸ್ತೆಗಳಲ್ಲಿ ಸೈಕಲ್ಲಿಗೆ ನಿರ್ಬಂಧವಿದೆ. 2013ರಲ್ಲಿ ಆ ಪಟ್ಟಿ 174 ರಸ್ತೆಗಳಿಗೆ ಮುಟ್ಟಿತ್ತು. ಹಾಲಿನವರು, ಪೇಪರಿನವರು, ಮೀನಿನವರು ದಿನವಿಡೀ ಸೈಕಲ್ಲಿನಲ್ಲೇ ಓಡಾಡುವ ಊರಲ್ಲಿ ಇದೆಂಥ ನಿಯಮವೋ. ಅದರ ಜಗಳ ಬೇರೆಯೇ ಇರಲಿ. ನಿಮ್ಮ ಉಪಾಯ ಲೋಕಲ್ ರೈಲು. ಲಗೇಜ್ ಚೀಟಿ ಮಾಡಿಸಿ, ಹೌರಾದಿಂದ ಕಾಟ್ವಾ ಕಡೆಗೆ ಹೋಗುವ ಬೆಳಗಿನ ಗಾಡಿಯ ವೆಂಡರ್ ಡಬ್ಬಿ ಹತ್ತಿ. ತರಕಾರಿಯವರೆಲ್ಲ ಆ ಹೊತ್ತಿಗೆ ಊರೊಳಗೆ ಬರುತ್ತಿರುತ್ತಾರೆ, ಹೊರಗೆ ಹೋಗುವ ಡಬ್ಬಿಯಲ್ಲಿ ಖಾಲಿ ಬುಟ್ಟಿಗಳೇ ಹೆಚ್ಚು. ಮುಂದಿನ ಗಾಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರೆ ಯಾರೂ ಬೈಯುವುದಿಲ್ಲ.

ವಾರದ ನಡುವೆ ಒಂದೆರಡು ತಾಸು ಸಿಕ್ಕರೆ ರೈಲೂ ಬೇಡ. ನಗರದ ಪೂರ್ವಕ್ಕೆ ಬಾಂತಲಾ ಕಡೆಯ ಭೇಡಿಗಳಿವೆ. ಭೇಡಿ ಅಂದರೆ ಊರಿನ ಕೊಳಚೆನೀರು ಹಾಯಿಸಿ ಮೀನು ಸಾಕುವ ಅಗಲವಾದ ಕೆರೆ. ಅಂಥವು ನೂರಾರು ಸೇರಿದ 12,500 ಹೆಕ್ಟೇರಿನ ಈ ಜವುಗು ಪ್ರದೇಶ 2002ರಿಂದ ಜಗತ್ತಿನ ಮಹತ್ವದ ಜವುಗುಗಳ ರಾಮ್ಸಾರ್ ಪಟ್ಟಿಯಲ್ಲಿದೆ. ಬಿಸಿಲು ಮತ್ತು ಪಾಚಿ ಸೇರಿ ನೀರು ತಿಳಿಯಾಗುತ್ತದೆ, ಮೀನು ಕೋಲ್ಕತ್ತಾದ ಪೇಟೆಗೆ ಹೋಗುತ್ತದೆ. ಏರಿಯ ಮೇಲೆ ಸೈಕಲ್ಲಿಗೆ ಹೇಳಿ ಮಾಡಿಸಿದಂಥ ಮಣ್ಣುದಾರಿ. ಆದರೆ ಬೆಳಕು ಹರಿಯುವ ಮುಂಚೆ ಹೋಗಬೇಡಿ. ಮೀನುಗಳ್ಳರಿಗಾಗಿ ಕಾಯುವ ಕಾವಲುಗಾರನಿಗೆ ಹೆಲ್ಮೆಟ್ಟಿನ ದೀಪ ಕಂಡರೆ ಏನನಿಸುತ್ತದೆಂದು ಒಂದು ಸಲ ತಿಳಿದುಕೊಂಡಿದ್ದೇನೆ.

3. ಗುಡ್ಡ ಇಲ್ಲ, ಗಾಳಿ ಇದೆ

ಕೋಲ್ಕತ್ತಾ ಸಮುದ್ರಮಟ್ಟದಿಂದ ಹತ್ತು ಮೀಟರಿನ ಒಳಗೇ ಇದೆ, ಕಾಲ್ನಾ ಅದಕ್ಕಿಂತ ಹೆಚ್ಚೇನೂ ಎತ್ತರವಲ್ಲ. ಸಮತಟ್ಟು ಅಂದರೆ ಸುಲಭ ಅಂದುಕೊಂಡಿದ್ದೆ. ಇಳಿಜಾರೇ ಇಲ್ಲದ ದಾರಿಯಲ್ಲಿ ಕಾಲಿಗೆ ಬಿಡುವು ಇಲ್ಲ, ಕುಂಡಿಗೆ ಮೊದಲೇ ಇಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಬೇಕೆಂದೇ ಎದ್ದು ನಿಂತು ತುಳಿಯಿರಿ.

ಡಿಸೆಂಬರ್, ಜನವರಿಯಲ್ಲಿ ಗಾಳಿ ಉತ್ತರದಿಂದ. ಅದಕ್ಕೇ ಚಳಿಗಾಲದಲ್ಲಿ ರೈಲಿನಲ್ಲಿ ಮೇಲಕ್ಕೆ ಹೋಗಿ ಕೆಳಗೆ ತುಳಿದು ಬರುವುದು. ಮಾರ್ಚ್ ಬಂತೆಂದರೆ ತೆಂಕಣ ಗಾಳಿ ಏಳುತ್ತದೆ. ಆಗ ತುಳಿದು ಹೋಗಿ ರೈಲಿನಲ್ಲಿ ಬನ್ನಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ವಾಯವ್ಯದಲ್ಲಿ ಕಪ್ಪು ಕಟ್ಟಿದರೆ ಅದು ಬೇಸಿಗೆಯ ಬಿರುಗಾಳಿ ಕಾಲ್‌ಬೈಶಾಖಿ. ಮಾವಿನ ತೋಪಿನಲ್ಲಿ ನಿಲ್ಲಬೇಡಿ, ಟೀ ಅಂಗಡಿ ಹುಡುಕಿ. ಚಳಿಗಾಲದ ಇನ್ನೊಂದು ಮಾತು: ಇಲ್ಲಿ ಡಿಸೆಂಬರಿನ ಸೂರ್ಯ ಐದಕ್ಕೆ ಮುಂಚೆಯೇ ಮುಳುಗುತ್ತಾನೆ. ಧಾರವಾಡದ ಲೆಕ್ಕದಲ್ಲಿ ಹೊರಟು ಎರಡು ಸಲ ಕತ್ತಲಲ್ಲಿ ಸಿಕ್ಕಿಬಿದ್ದಿದ್ದೇನೆ.

4. ವಾಹನ ಇಲ್ಲ ಅಂದರೆ ಖಾಲಿ ಅಂತಲ್ಲ

ಗ್ರ್ಯಾಂಡ್ ಟ್ರಂಕ್ ರೋಡನ್ನೂ ಎಸ್.ಟಿ.ಕೆ.ಕೆ. ರೋಡನ್ನೂ ಮರೆತುಬಿಡಿ. ಎರಡನೆಯದು ಸಪ್ತಗ್ರಾಮ, ತ್ರಿವೇಣಿ, ಕಾಲ್ನಾ, ಕಾಟ್ವಾಗಳ ಮೊದಲ ಅಕ್ಷರ ಸೇರಿಸಿ ಇಟ್ಟ ಹೆಸರು; ಮರಳಿನ ಲಾರಿಗಳದ್ದೇ ರಾಜ್ಯ. ಅದಕ್ಕೂ ನದಿಗೂ ನಡುವಿನ ಪಟ್ಟಿಯಲ್ಲಿ ಇಡೀ ದಿನ ಒಂದು ಕಾರು ಎದುರಾಗದೆ ತುಳಿಯಬಹುದು. ಹಾಗಂತ ದಾರಿ ನಿಮ್ಮೊಬ್ಬರದೇ ಅಲ್ಲ. ಮೇಕೆ, ಬಾತುಕೋಳಿ, ಬ್ಯಾಟರಿಯ ಟೋಟೊ ರಿಕ್ಷಾ, ಶಾಲೆಯ ಹುಡುಗಿಯರ ಸೈಕಲ್ಲಿನ ಸಾಲು. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಂಡಗಳಲ್ಲೆಲ್ಲ ಸೆಣಬು ಕೊಳೆಹಾಕಿರುತ್ತಾರೆ. ವಾಸನೆಗೆ ಮೊದಲ ದಿನ ಹೊಟ್ಟೆ ತೊಳಸುತ್ತದೆ, ಮೂರನೇ ದಿನ ಗೊತ್ತೇ ಆಗುವುದಿಲ್ಲ. ಸುಲಿದ ನಾರು ಸೇತುವೆಯ ಕಂಬಿಗಳ ಮೇಲೆ ಹೊಂಬಣ್ಣದ ಕೂದಲಿನ ಹಾಗೆ ಒಣಗುತ್ತಿರುತ್ತದೆ. ನೆಲಕ್ಕೆ ಬಿದ್ದ ಎಳೆ ನಿಮ್ಮ ಹಿಂದಿನ ಗಾಲಿಯ ಹಲ್ಲುಚಕ್ರಕ್ಕೆ ಸುತ್ತಿಕೊಂಡರೆ ಬಿಡಿಸಲು ಚಾಕುವೇ ಬೇಕು. ಚಾಕು ಇರಲಿ. ಫೆಬ್ರುವರಿಯಲ್ಲಿ ಬಟಾಟೆ ಕೀಳುವ ಕಾಲಕ್ಕೆ ಮಾತ್ರ ಶೀತಲಗೃಹಗಳ ಮುಂದಿನ ಟ್ರ್ಯಾಕ್ಟರ್ ಸಾಲು ತಪ್ಪಿಸಿ ಸುತ್ತು ಹಾಕಬೇಕು.

5. ನಕ್ಷೆಗಿಂತ ನದಿ ಮುಂದೆ

ಬಲಾಗಡ ದೋಣಿ ಕಟ್ಟುವವರ ಊರು. ಅದರ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಫೋನಿನ ನಕ್ಷೆ ನೆಚ್ಚಿಕೊಂಡು ದಂಡೆಯ ದಾರಿ ಹಿಡಿದಿದ್ದೆ. ನಕ್ಷೆಯಲ್ಲಿ ಇನ್ನೂ ಎರಡು ಕಿಲೋಮೀಟರ್ ರಸ್ತೆ ಇತ್ತು, ನನ್ನ ಮುಂದೆ ಎರಡು ಆಳು ಆಳದ ಕಡಿದಾದ ಅಂಚು, ಕೆಳಗೆ ಕಂದು ನೀರು. ಸೋಲಿಂಗಿನ ಇಟ್ಟಿಗೆಗಳು ಮುರಿದ ಬಿಸ್ಕೀಟಿನ ತುದಿಯಂತೆ ಗಾಳಿಯಲ್ಲಿ ಚಾಚಿದ್ದವು. ಇಲ್ಲಿ ನದಿ ದಂಡೆ ತಿನ್ನುವುದಕ್ಕೆ ‘ಭಾಂಗೊನ್’ ಅನ್ನುತ್ತಾರೆ. ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಮುದುಕ ನೀರಿನ ನಡುವೆ ಬೆರಳು ತೋರಿಸಿ ತಮ್ಮ ಹಳೆಯ ಅಂಗಳ ಅಲ್ಲಿ ಎಂದರು. ಮನೆ ಹೋಗಿ ಎಷ್ಟು ವರ್ಷ ಅಂತ ಕೇಳಿದೆ. “ಯಾವ ಮನೆ?” ಎಂದರು. ಒಂದಲ್ಲ, ಮೂರು ಸಲ ಹಿಂದೆ ಸರಿದು ಮನೆ ಕಟ್ಟಿದವರು.

ಅಂದಿನಿಂದ ನದಿ ಕಾಣುವ ದಾರಿಗೆ ಇಳಿಯುವ ಮುಂಚೆ ಎರಡು ಮಂದಿಯನ್ನು ಕೇಳುತ್ತೇನೆ. ದೂರ ಮಾತ್ರ ಕೇಳಬೇಡಿ. “ಏಇ ತೋ ಶಾಮ್ನೇ”, ಇಗೋ ಮುಂದೇ ಇದೆ, ಅನ್ನುವುದಕ್ಕೆ ಒಂದರಿಂದ ಹನ್ನೊಂದು ಕಿಲೋಮೀಟರ್ ಅರ್ಥ. ನಮ್ಮ ಕಡೆಯ ‘ಇಲ್ಲೇ ಐತ್ರಿ’ಯ ಅಣ್ಣನೋ ತಮ್ಮನೋ.

6. ಜೇಡಿಗೆ ಸವಾಲು ಹಾಕಬೇಡಿ

ಎರೆ ಹೊಲದವರಿಗೆ ಹೆಚ್ಚು ಹೇಳಬೇಕಿಲ್ಲ. ಮಳೆ ನಿಂತು ಎರಡು ದಿನ ಏರಿಯ ಮೇಲೆ ಕಾಲಿಡಬೇಡಿ. ಗಾಲಿ ತಿರುಗುವುದೇ ನಿಲ್ಲುತ್ತದೆ, ಆಮೇಲೆ ಸೈಕಲ್ಲು ನಿಮ್ಮ ಮೇಲೆ ಸವಾರಿ.

7. ದಿನಕ್ಕೆ ಎರಡೇ ಊರು

ಮೊದಲ ವರ್ಷ ದಿನಕ್ಕೆ ಏಳು ಊರಿನ ಪಟ್ಟಿ ಹಿಡಿದು ಓಡಿದೆ, ಏನೂ ನೋಡಲಿಲ್ಲ. ಈಗ ಎರಡಕ್ಕೆ ನಿಲ್ಲಿಸಿದ್ದೇನೆ.

ಅಂಬಿಕಾ ಕಾಲ್ನಾದಲ್ಲಿ ಬರ್ದ್ವಾನದ ಮಹಾರಾಜ ತೇಜಚಂದ್ರ 1809ರಲ್ಲಿ ಕಟ್ಟಿಸಿದ 108 ಶಿವಗುಡಿಗಳಿವೆ. ಹೊರಸುತ್ತಿನಲ್ಲಿ 74, ಒಳಸುತ್ತಿನಲ್ಲಿ 34. ಎದುರಿಗೇ ಅರಮನೆಯ ಆವರಣ: 1739ರ ಲಾಲ್‌ಜೀ ಗುಡಿಗೆ 25 ಶಿಖರ, 1849ರ ಪ್ರತಾಪೇಶ್ವರಕ್ಕೆ ಒಂದೇ, ಆದರೆ ಅಂಗೈಯಗಲದ ಜಾಗವೂ ಖಾಲಿ ಬಿಟ್ಟಿಲ್ಲ. ಎಲ್ಲವೂ ಸುಟ್ಟ ಮಣ್ಣು. ಹಳೇಬೀಡಿನ ಬಳಪದ ಕಲ್ಲಿನ ಕುಸುರಿ ನೋಡಿದ ಕಣ್ಣಿಗೆ ಮೊದಲು ಇದು ಗೊಂಬೆ ಕೆಲಸ ಅನ್ನಿಸಿತ್ತು. ಎರಡು ಸಲ ಖೋವಾದ ಮೇಲೆ ಬಿದ್ದು ಮೊಣಕಾಲು ಕೆತ್ತಿಸಿಕೊಂಡ ಮೇಲೆ ತಿಳಿಯಿತು, ನಾನು ತುಳಿದು ಬಂದ ದಾರಿ ಮತ್ತು ಈ ಗೋಡೆ ಒಂದೇ ಸರಕು. ಕಲ್ಲಿಲ್ಲದವರು ಒಲೆಯಲ್ಲಿ ಮಾಡಿಕೊಂಡ ಕಲ್ಲು. ಬಾಂಸ್‌ಬೇಡಿಯಾದ ಅನಂತ ವಾಸುದೇವ ಗುಡಿ 1679ರದು. ಅದರ ಗೋಡೆಯ ಮೂರಂಗುಲದ ದೋಣಿಯಲ್ಲಿ ಕೂತವರ ಭಂಗಿ ಈಗಲೂ ನದಿ ದಾಟಿಸುವ ಖೇಯಾ ದೋಣಿಯಲ್ಲಿ ಕಾಣಸಿಗುತ್ತದೆ. ಪಕ್ಕದಲ್ಲೇ 1814ರ ಹಂಸೇಶ್ವರಿ, ತಾವರೆ ಮೊಗ್ಗಿನಂಥ 13 ಶಿಖರ.

ಅಲ್ಲಿಂದ ತ್ರಿವೇಣಿ ಕೂಗಳತೆ. ನದಿಯಂಚಿನ ಜಾಫರ್ ಖಾನ್ ಗಾಜಿ ದರ್ಗಾದಲ್ಲಿ ಕರಿಕಲ್ಲಿನ ಬಾಗಿಲುವಾಡ ಇದೆ, ಹಳೆಯ ಗುಡಿಯ ಕೆತ್ತನೆ ಹಾಗೇ ಉಳಿದಿದೆ. ಯಾರು ಯಾವುದನ್ನು ಕೆಡವಿದರು ಎಂಬ ವಾದ ಬಲ್ಲವರಿಗಿರಲಿ. ತಿಂಗಳುಗಟ್ಟಲೆ ಕಲ್ಲನ್ನೇ ಮುಟ್ಟದ ನಾನು ಆ ತಣ್ಣನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಅರ್ಧ ತಾಸು ಏಳುವುದಿಲ್ಲ.

8. ಜೇಬಿನ ಎನರ್ಜಿ ಜೆಲ್ ಮನೆಯಲ್ಲಿಡಿ

ಎಲ್ಲ ಹಳ್ಳಿಯಲ್ಲೂ ಮುಡಿ ಸಿಗುತ್ತದೆ. ನಮ್ಮ ಚುರುಮುರಿಯೇ. ಬಟಾಣಿಯ ಘುಗ್ನಿ ಸುರಿದು, ಸಾಸಿವೆ ಎಣ್ಣೆ, ಹಸಿಮೆಣಸು ಹಾಕಿ ಕಲಸಿದರೆ ಗಿರ್ಮಿಟ್ಟಿನ ನೆಂಟ. ಮಿರ್ಚಿಭಜಿಯೊಂದು ಸಿಗುವುದಿಲ್ಲ, ಬದನೆಕಾಯಿ ಭಜಿಗೆ ಒಪ್ಪಿಕೊಳ್ಳಬೇಕು. ಚಂದನನಗರದ ಜಲಭರಾ ಸಂದೇಶದೊಳಗೆ ಪಾಕ ತುಂಬಿರುತ್ತದೆ, ಹ್ಯಾಂಡಲ್ ಹಿಡಿದು ಕಚ್ಚಬೇಡಿ.

9. ಪಯಣ ಮುಗಿಯುವುದು ಶ್ರೀರಾಮಪುರದಲ್ಲಿ

ಇದು ನನ್ನ ಹಟ. 1755ರಿಂದ 1845ರವರೆಗೆ ಇದು ಡೇನರ ಊರು, ಫ್ರೆಡರಿಕ್ಸ್‌ನಗರ. ಅವರ ಕಾಲದ ಹಳೆಯ ಟ್ಯಾವರ್ನ್ ದುರಸ್ತಿಯಾಗಿ ಈಗ ಕಾಫಿ ಕೊಡುತ್ತದೆ. ನಾನು ಬರುವುದು ಬೇರೆ ಕಾರಣಕ್ಕೆ. ಮಿಷನರಿ ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಇಲ್ಲಿಯ ಮಿಷನ್ ಪ್ರೆಸ್ಸಿನಲ್ಲಿ. ಅಂದರೆ ಕನ್ನಡದ ತೀರ ಮೊದಲ ಮುದ್ರಿತ ಪುಸ್ತಕಗಳಲ್ಲೊಂದು ಹುಬ್ಬಳ್ಳಿ, ಮೈಸೂರು, ಮಂಗಳೂರು ಯಾವುದೂ ಅಲ್ಲದ ಈ ಕೆಸರು ದಂಡೆಯಲ್ಲಿ ಹುಟ್ಟಿತು. ಅದಕ್ಕೆ ಐದು ವರ್ಷ ಮುಂಚೆ, 1812ರ ಮಾರ್ಚಿನಲ್ಲಿ, ಪ್ರೆಸ್ಸು ಸುಟ್ಟುಹೋಗಿತ್ತು. ಅಚ್ಚುಮೊಳೆಗಳು ಕರಗಿ ಗಟ್ಟಿಯಾಗಿದ್ದವು, ಉಕ್ಕಿನ ಪಡಿಯಚ್ಚುಗಳು ಮಾತ್ರ ಬೂದಿಯಲ್ಲಿ ಉಳಿದಿದ್ದವು. ಆ ಲೋಹವನ್ನೇ ಮತ್ತೆ ಕರಗಿಸಿ ಅಕ್ಷರ ಎರಕ ಹೊಯ್ದರು.

ಕೇರಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದದ್ದು ಇದೇ ನದಿಯಲ್ಲಿ, ದೋಣಿಯಲ್ಲಿ. ನಾವೂ ಇಲ್ಲಿಂದ ಖೇಯಾ ಹಿಡಿದು ಎದುರಿನ ಬ್ಯಾರಕ್‌ಪುರಕ್ಕೆ ದಾಟಿ ಸಿಯಾಲ್ದಾ ಲೋಕಲ್ ಹತ್ತಬಹುದು. ನಮ್ಮಲ್ಲಿ ಘಾಟ್ ಅಂದರೆ ಹತ್ತುವುದು, ಇಲ್ಲಿ ಇಳಿಯುವುದು. ಚೀಟಿ ಎರಡು ತೆಗೆಯಿರಿ, ನಿಮ್ಮದೊಂದು, ಸೈಕಲ್ಲಿನದೊಂದು. ನೀರು ಇಳಿತವಿದ್ದರೆ ಜೆಟ್ಟಿಯ ಹಲಗೆ ಕಡಿದಾಗಿ ಓರೆಯಾಗುತ್ತದೆ. ಈ ಸೀಮೆಯಲ್ಲಿ ನಾನು ಕಂಡ ಅತಿ ದೊಡ್ಡ ಇಳಿಜಾರು ಅದೇ. ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಬೂಟು ಬಿಚ್ಚಿ ಕೊರಳಿಗೆ ನೇತುಹಾಕಿಕೊಳ್ಳಿ, ಸೈಕಲ್ಲನ್ನು ಎಡಹೆಗಲಿಗೆ ಹಾಕಿ, ಬಲಗೈಯಲ್ಲಿ ಕಂಬಿ ಹಿಡಿದು ಇಳಿಯಿರಿ.